ಹದಿನೈದನೇ ತಾರೀಖು

ಏಪ್ರಿಲ್ ಮುಗಿಯುತ್ತ ಬಂದರೂ ಸರೋವರದ ಮಂಜುಗಡ್ಡೆ ಬಿಟ್ಟಿಲ್ಲ ಈ ಸಲ.
ಡುಲುತ್ ಬಂದರಿನಾಚೆ ಮೂರು ಅದಿರು ಹಡಗು
ಒಳಗೆ ಬರಲಾರದೆ ನಿಂತಿವೆ, ದೀಪ ಹಚ್ಚಿಕೊಂಡು.
ನನ್ನ ಅಡುಗೆಮನೆಯಲ್ಲಿ ಐಲಿ ಕೂತಿದ್ದಾಳೆ,
ಅಣ್ಣನ ಮಗಳು,
ಬೂಟು ಕೂಡ ಬಿಚ್ಚದೆ,
ಎರಡು ಲಕೋಟೆ ಮೇಜಿನ ಮೇಲಿಟ್ಟು.

ಒಂದು ದಪ್ಪ, ಕೆನೆಬಣ್ಣದ್ದು, ಮ್ಯಾಸಚೂಸೆಟ್ಸಿನಿಂದ ಬಂದದ್ದು.
ಒಳಗೆ ಇಗರ್ಜಿಯಂಥ ಗ್ರಂಥಾಲಯ, ಬಳ್ಳಿ ಹಬ್ಬಿದ ಗೋಡೆ,
ಹುಲ್ಲಿನ ಮೇಲೆ ಬರಿಗಾಲಲ್ಲಿ ನಗುವ ಹುಡುಗರು.
ಯಾರೂ ಅಷ್ಟು ನಗುವುದಿಲ್ಲ ಅಲ್ಲಿ. ನಾಲ್ಕು ವರ್ಷ ಇದ್ದೆ ನಾನು.
ಇನ್ನೊಂದು ತೆಳ್ಳಗೆ, ನಮ್ಮ ರಾಜ್ಯದ್ದೇ.
ಲುಕ್ಕರಿ ಎಂಬಲ್ಲಿ ಒತ್ತು ಬಿಟ್ಟು ಲುಕರಿ ಎಂದಿದ್ದಾರೆ.
ಅದರ ಕಟ್ಟಡ ಈ ಕಿಟಕಿಯಿಂದಲೇ ಕಾಣುತ್ತದೆ,
ಗುಡ್ಡದ ಮೇಲೆ, ನೀರಿನ ಟ್ಯಾಂಕಿನ ಪಕ್ಕ.

ಅಣ್ಣ ರೇನೊ ಹಡಗುಕಟ್ಟೆಯಲ್ಲಿ ವೆಲ್ಡರ್. ಮೊನ್ನೆ ಬಂದು
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂದ.
ಅಂದವನೇ ತಲೆ ತಗ್ಗಿಸಿದ.
ಹದಿನೆಂಟರಲ್ಲಿ ಕಾಲು ಇನ್ನೂ ಬೆಳೆಯುತ್ತಿರುತ್ತದೆ, ಅವನಿಗೂ ಗೊತ್ತು.
ಪಿಕಪ್ ಮಾರಿದರೆ ಎಷ್ಟು ಬಂದೀತು ಎಂದು ಕೇಳಿದ,
ನನ್ನನ್ನಲ್ಲ, ಕಾಫಿ ಲೋಟವನ್ನು.

ಈಗ ಇವಳು: ಅತ್ತೆ, ನೀನು ಹೋಗಿದ್ದೆಯಲ್ಲ. ಹೇಳು.

ಹೇಳಬಹುದು.
ಪ್ರತಿ ತಿಂಗಳು ಹದಿನೈದಕ್ಕೆ ನಾನೂರ ಹನ್ನೆರಡು ಡಾಲರ್
ಬೆಳಗಿನ ಜಾವ, ನಾನಿನ್ನೂ ಮಲಗಿರುವಾಗ
ನನ್ನ ಖಾತೆಯಿಂದ ಎದ್ದು ಹೋಗುತ್ತದೆ,
ಚಪ್ಪಲಿ ಕೈಲಿ ಹಿಡಿದು ಹೊರಡುವ ನೆಂಟನ ಹಾಗೆ.
ಇಪ್ಪತ್ತೊಂದು ವರ್ಷ.
ಅಸಲಿಗೆ ಇನ್ನೂ ಎಳೆ ಪ್ರಾಯ, ಮುದಿಯಾದದ್ದು ನಾನು.
ಡೆಸ್ಮಂಡ್ ಜೊತೆ ಮದುವೆಯ ಮಾತು ಬಂದಾಗ
ಅವನ ಸಾಲ, ನನ್ನ ಸಾಲ ಒಂದೇ ಹಾಳೆಯಲ್ಲಿ ಬರೆದು ಕೂಡಿಸಿದೆವು.
ಆಮೇಲೆ ಅವನು ತುಂಬ ಹೊತ್ತು ಪಾತ್ರೆ ತೊಳೆದ.
ಇಷ್ಟು ಹೇಳಿದರೆ ಸಾಕು,
ಕೆನೆಬಣ್ಣದ ಲಕೋಟೆ ಒಲೆಗೆ.

ಆದರೆ ಎರಡನೇ ವರ್ಷದ ಫೆಬ್ರವರಿ, ಒಂದು ಸಂಜೆ,
ಏಳೇ ಜನರಿದ್ದ ಕೋಣೆಯಲ್ಲಿ
ಲ್ಯಾಟಿನ್ ಕಲಿಸುವ ಮುದುಕಿ ಪೆಟಿಗ್ರೂ
ಒಂದೇ ವಾಕ್ಯದ ಮೇಲೆ ಎರಡು ಗಂಟೆ ಕೂತಳು.
ಕ್ರಿಯಾಪದ ಕೊನೆಗೆ ಬರುತ್ತದೆ, ಕಾಯಿರಿ, ಅಂದಳು.
ಅವಸರ ಮಾಡಿದರೆ ಯಾರು ಯಾರನ್ನು ಕೊಂದರೆಂದೇ ತಿಳಿಯದು.
ಹೀಟರ್ ಕೆಟ್ಟಿತ್ತು. ಕೋಟು ಹಾಕಿಕೊಂಡೇ ಕಾದೆವು.
ಹೊರಬಂದಾಗ ಹಿಮ ನಿಂತಿತ್ತು, ನನ್ನ ತಲೆಯೊಳಗೆ
ಒಂದು ಕೋಣೆ ಹೆಚ್ಚಾದಂತಿತ್ತು.
ಅದರ ಬಾಡಿಗೆಯೇ ಇದು?
ಗುಡ್ಡದ ಮೇಲೂ ಅಂಥ ಮುದುಕಿ ಇದ್ದಾಳೇನೋ,
ಮುನ್ನೂರು ಜನರ ಹಾಲಿನಲ್ಲಿ, ಮೈಕು ಹಿಡಿದು.
ನಾನು ಹೋಗಿ ನೋಡಿದವಳಲ್ಲ.
ಈಗ ಹೈಸ್ಕೂಲಿನ ಆಫೀಸಿನಲ್ಲಿ ಹಾಜರಿ ಬರೆಯುತ್ತೇನೆ.
ಲ್ಯಾಟಿನ್ ಯಾರೂ ಕೇಳುವುದಿಲ್ಲ.

ಕಾಫಿ ಬಗ್ಗಿಸಿದೆ. ಏಲಕ್ಕಿಯ ಪುಲ್ಲಾ ಬ್ರೆಡ್ಡು ಕೊಯ್ದು ಕೊಟ್ಟೆ.
ಹದಿನೈದನೇ ತಾರೀಖನ್ನೂ ಹೇಳಿದೆ, ಫೆಬ್ರವರಿಯನ್ನೂ ಹೇಳಿದೆ.
ಕೊನೆಗೆ ಹೇಳಿದ್ದೇ ತೀರ್ಪಾಗಿಬಿಟ್ಟೀತೆಂದು ಹೆದರಿ
ಎರಡನ್ನೂ ಕಲಸಿ ಹೇಳಿದೆ.

ಅವಳು ಬ್ರೆಡ್ಡು ತಿಂದಳು. ಚೂರನ್ನು ಬೆರಳಿಗೆ ಅಂಟಿಸಿ ತಿಂದಳು.
ನಾಲ್ಕು ರಾತ್ರಿಯಿಂದ ಬಸ್ಸು ಹತ್ತಿ ಗುಡ್ಡಕ್ಕೆ ಹೋಗ್ತಿದೀನಿ, ಅಂದಳು,
ಲೈಬ್ರರಿಯಲ್ಲಿ ಸುಮ್ಮನೆ ಕೂರ್ತೀನಿ, ಯಾರೂ ಕಾರ್ಡು ಕೇಳಲ್ಲ.
ಮೂರನೇ ಮಹಡೀಲಿ ಒಬ್ಬ ಮುದುಕ
ಭೂತಗನ್ನಡಿ ಹಿಡಿದು ಕಲ್ಲು ನೋಡ್ತಿರ್ತಾನೆ.
ನಿನ್ನೆ ಒಂದು ನನ್ನ ಕೈಗೆ ಕೊಟ್ಟ.

ಜೇಬಿನಿಂದ ತೆಗೆದು ಇಟ್ಟಳು.
ಕಂದು ಕಲ್ಲು. ಅದಿರು.
ಅವಳಪ್ಪನ ಉಗುರಿನ ಸಂದಿಯಲ್ಲಿ ದಿನವೂ ಮನೆಗೆ ಬರುವುದೇ.
ಎರಡು ಬಿಲಿಯ ವರ್ಷ ಹಳೇದಂತೆ, ಅಂದಳು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಹಾಗಾದರೆ ಗೊತ್ತಾಯಿತಲ್ಲ, ಅಂದೆ.
ಇಲ್ಲ, ಅಂದಳು.
ಗೊತ್ತಾಗಿದ್ದರೆ ಇದನ್ನ ಇಲ್ಲಿಗೆ ಯಾಕೆ ತರ್ತಿದ್ದೆ?

ನಾಳೆ ಮಧ್ಯರಾತ್ರಿಯೊಳಗೆ ಮುಂಗಡ ಕಟ್ಟಬೇಕು, ಎಲ್ಲಿಗಾದರೂ.
ಲಕೋಟೆಗಳನ್ನು ಕೋಟಿನೊಳಗೆ ತುರುಕಿಕೊಂಡು ಹೊರಟಳು.
ಕಲ್ಲನ್ನು ಮರೆತಳೋ, ಬಿಟ್ಟಳೋ.
ಲೋಟ ತೊಳೆದು ಬಂದು ಎತ್ತಿ ನೋಡಿದೆ.
ಗಾತ್ರ ನೋಡಿ ಅಂದುಕೊಂಡದ್ದಕ್ಕಿಂತ ಭಾರ.